ಗುತ್ಯಮ್ಮನ ಕೈ, ಲೋಕಮ್ಮನ ಮಂಡಿ

ಕುಪ್ಪಗಡ್ಡೆಯಲ್ಲಿ ನಾಟಿಗೆ ಬಂದ ಹೆಂಗಸಿನ ಕೈಗೆ ಕೂಲಿ ಇಟ್ಟರೆ ಅವಳಿಗೆ ಸಿಟ್ಟು ಬರುವ ಕಾಲವೊಂದಿತ್ತು. ಕೆಲವು ಮನೆಗಳಲ್ಲಿ ಈಗಲೂ ಬರುತ್ತದೆ. ಅಲ್ಲಿ ನಡೆಯುವುದು ಮುಯ್ಯಿ. ಇವತ್ತು ನೀನು ನನ್ನ ಗದ್ದೆಗೆ ಬಂದು ಬಗ್ಗಿದೆಯಾ, ನಾಳೆ ನಾನು ನಿನ್ನ ಗದ್ದೆಗೆ ಬಂದು ಬಗ್ಗುತ್ತೇನೆ. ದುಡ್ಡಿನ ಮಾತಿಲ್ಲ, ಬರೆದಿಡುವ ಪದ್ಧತಿಯೂ ಇಲ್ಲ. ಆದರೆ ಯಾರು ಯಾರಿಗೆ ತಿರುಗಿ ಬರಬೇಕು ಎಂಬುದು ಪ್ರತಿಯೊಬ್ಬಳ ನಾಲಿಗೆ ತುದಿಯಲ್ಲಿರುತ್ತದೆ. ಅದನ್ನು ಮರೆತವಳ ಹೆಸರು ಮಾತ್ರ ಇಡೀ ಊರಿನ ನಾಲಿಗೆ ತುದಿಗೆ ಬರುತ್ತದೆ.

ಗುತ್ಯಮ್ಮ ಮರೆಯುವವಳಲ್ಲ. ನಲವತ್ತೈದು ದಾಟಿದ, ಗಿಡ್ಡನೆಯ, ಗಟ್ಟಿ ಗಂಟಲಿನ ಹೆಂಗಸು. ನಾಟಿಯ ಸಾಲಿನಲ್ಲಿ ಎಲ್ಲರೂ ಹಿಂದೆ ಹಿಂದೆ ಸರಿಯುತ್ತ ಸಸಿ ಊರುತ್ತಾರಷ್ಟೆ. ಪಕ್ಕದವರು ಒಂದು ಹೆಜ್ಜೆ ಸರಿಯುವ ಹೊತ್ತಿಗೆ ಇವಳು ಎರಡು ಹೆಜ್ಜೆ ಸರಿದು, ಮೇಲಿಂದ ಪಕ್ಕದವರನ್ನು ಛೇಡಿಸುತ್ತಲೂ ಇರುತ್ತಿದ್ದಳು. ಗಂಡ ಪುಟ್ಟಪ್ಪ ಕುರಿ ಸಾಕುವವನು. ಕುರಿಯ ಜೊತೆಯೇ ದಿನ ಕಳೆದು ಅವನ ಮಾತು ಕಡಿಮೆಯಾಗಿತ್ತು. ಅವನ ಪಾಲಿನ ಮಾತನ್ನೂ ಗುತ್ಯಮ್ಮನೇ ಆಡಿ ಮುಗಿಸುತ್ತಿದ್ದಳು.

ಅಂಥವಳ ಬೆರಳುಗಳು ಒಂದು ಬೇಸಿಗೆಯ ಕೊನೆಯಲ್ಲಿ ಹಠ ಹಿಡಿದವು. ಬೆಳಗ್ಗೆ ಎದ್ದರೆ ಎರಡೂ ಕೈಯ ಗೆಣ್ಣು ಊದಿಕೊಂಡು ಬಿಸಿಯಾಗಿರುತ್ತಿದ್ದವು, ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಅಕ್ಕಿ ರೊಟ್ಟಿ ತಟ್ಟಲು ಕೂತರೆ ಹಿಟ್ಟಿಗಿಂತ ಮೊದಲು ಕಣ್ಣು ಒದ್ದೆಯಾಗುತ್ತಿತ್ತು. ಹೊತ್ತು ಏರಿದಂತೆ ಒಂದಿಷ್ಟು ಸಡಿಲವಾಗುತ್ತಿತ್ತು. ಊರಿನವರು ಒಂದೇ ಮಾತಿನಲ್ಲಿ ವಾಯು ಎಂದರು. ಆಲೂಗಡ್ಡೆ ಬಿಡು ಎಂದರು, ಬಿಟ್ಟಳು. ಬದನೆಕಾಯಿ ಬಿಡು ಎಂದರು, ಅದನ್ನೂ ಬಿಟ್ಟಳು. ಪುಟ್ಟಪ್ಪ ಕುಂಟುವ ಕುರಿಗೆ ಹಚ್ಚುವ ಎಣ್ಣೆಯನ್ನು ಹೆಂಡತಿಯ ಕೈಗೂ ತಿಕ್ಕಿದ. ಮನೆಯೆಲ್ಲ ಕುರಿದೊಡ್ಡಿಯ ವಾಸನೆ ಬಂತು, ಬೆರಳು ಮಾತ್ರ ಮಡಚಲಿಲ್ಲ.

ಆಗ ಬಂದವನು ಉಜ್ಜಪ್ಪ. ಸಂತೆಯಿಂದ ಸಂತೆಗೆ ತಿರುಗುತ್ತ ಕೀಲುನೋವಿನ ಪುಡಿ ಮಾರುವ ಮನುಷ್ಯ. ಎಲೆಯ ಚಿತ್ರವಿದ್ದ ಪೊಟ್ಟಣ, ಬೆಳಗ್ಗೆ ಒಂದು, ಸಂಜೆ ಒಂದು. ಅದನ್ನು ತಿಂದ ಎರಡೇ ದಿನದಲ್ಲಿ ಗುತ್ಯಮ್ಮನಿಗೆ ಮದುವೆಗೆ ಮುಂಚಿನ ಕೈ ಬಂದಂತಾಯಿತು. ಆ ಮಳೆಗಾಲ ಅವಳು ನಾಟಿ ಮಾಡಿದ್ದನ್ನು ನೋಡಿದವರು ಈಗಲೂ ಹೇಳುತ್ತಾರೆ. ಮುಖ ಗುಂಡಗಾಯಿತು, ಕೆನ್ನೆ ತುಂಬಿತು. ಏನೇ ಗುತ್ಯಮ್ಮ, ಮೈ ಕೈ ತುಂಬಿಕೊಂಡಿದೀಯ ಎಂದು ಹೆಂಗಸರು ಹೊಟ್ಟೆಕಿಚ್ಚು ಪಟ್ಟರು. ಆ ದುಂಡು ಮುಖವೂ ಪುಡಿಯ ಕೆಲಸವೇ ಎಂದು ಯಾರಿಗೆ ಗೊತ್ತಿತ್ತು?

ಕೊಯ್ಲಿನ ಹೊತ್ತಿಗೆ ಉಜ್ಜಪ್ಪ ನಾಪತ್ತೆಯಾದ. ಪೊಟ್ಟಣ ಮುಗಿದ ಮೂರ್ನಾಲ್ಕು ದಿನಕ್ಕೆ ಗುತ್ಯಮ್ಮ ಚಾಪೆ ಹಿಡಿದಳು. ಕೈ, ಮಣಿಕಟ್ಟು, ಪಾದದ ಗೆಣ್ಣು ಎಲ್ಲವೂ ಒಟ್ಟಿಗೆ ಊದಿದವು. ಏಳಲು ನಿತ್ರಾಣ, ಕೂತರೆ ತಲೆ ಸುತ್ತು. ಹೊರಗೆ ಅವಳ ಗದ್ದೆ ಬಲಿತು ಬಾಗಿ ನಿಂತಿತ್ತು. ಅದನ್ನು ಕೊಯ್ದು ಕೊಟ್ಟವರು ಮುಯ್ಯಿಯ ಹೆಂಗಸರು. ಅವರ ಮುಂದಾಳು ಲೋಕಮ್ಮ, ಅರವತ್ತು ದಾಟಿದ ಎತ್ತರದ ಭಾರೀ ಹೆಂಗಸು. ಅವಳಿಗೂ ಮಂಡಿ ನೋವು. ಕೂತು ಎದ್ದರೆ ಮಂಡಿಯ ಕಟಕಟ ಸದ್ದು ಪಕ್ಕದ ಗದ್ದೆಗೆ ಕೇಳುತ್ತಿತ್ತು. ಆದರೂ ಗುತ್ಯಮ್ಮನ ಗದ್ದೆಯ ಕೊನೆಯ ಸಿವುಡು ಕಟ್ಟುವವರೆಗೆ ಅವಳು ಬದುವಿನ ಮೇಲೆ ಕೂರಲಿಲ್ಲ.

ಕೊಯ್ಲು ಮುಗಿದ ಸಂಜೆ ಲೋಕಮ್ಮ ಚಾಪೆಯ ಪಕ್ಕ ಕಾಲು ಚಾಚಿ ಕೂತಳು. "ನೀ ಎಂತ ಯೋಚನೆ ಮಾಡಬ್ಯಾಡ ಕಣೆ. ನಿನ್ನ ಮುಯ್ಯಿ ಬಿಟ್ಟೆ ನಾನು. ನೀ ತಿರುಗಿ ಬರದೇನೂ ಬ್ಯಾಡ," ಎಂದಳು.

ಲೋಕಮ್ಮ ಅಂದದ್ದು ಪ್ರೀತಿಯಿಂದಲೇ. ಗುತ್ಯಮ್ಮನಿಗೆ ಮಾತ್ರ ಅದು ಕೆನ್ನೆಗೆ ಹೊಡೆದ ಹಾಗಾಯಿತು. ಮುಯ್ಯಿ ಬಿಟ್ಟರೆಂದರೆ ಇನ್ನು ನಿನ್ನಿಂದ ಏನೂ ಆಗುವುದಿಲ್ಲ ಎಂದು ಲೆಕ್ಕದಿಂದ ಹೆಸರು ಹೊಡೆದುಹಾಕಿದ ಹಾಗೆ. ಸಾಲಿನಲ್ಲಿ ಅವಳ ಜಾಗಕ್ಕೆ ಇನ್ಯಾರೋ ಬಂದು ನಿಲ್ಲುತ್ತಾರೆ, ಅಷ್ಟೇ.

"ನನ್ನ ಮುಯ್ಯಿ ಬಿಡಕ್ಕೆ ನೀ ಯಾರೆ?" ಎಂದು ಮಲಗಿದಲ್ಲಿಂದಲೇ ಗದರಿದಳು. "ಬರೋ ನಾಟಿಗೆ ನಿನ್ನ ಗದ್ದೆಗೆ ನಾನೇ ಬರ್ತೀನಿ. ಇದೇ ಕೈಯಲ್ಲಿ ಸಸಿ ಊರ್ತೀನಿ. ನೋಡ್ತಿರು."

ಹೇಳುವುದೇನೋ ಹೇಳಿದಳು. ನೀರಿನ ಲೋಟ ಎತ್ತಲೂ ಆಗ ಎರಡು ಕೈ ಬೇಕಾಗಿತ್ತು.

ಅವಳ ತವರು ಬಳ್ಳಿಗಾವಿ. ತಮ್ಮ ಮಹಾಂತೇಶ ಸುದ್ದಿ ಕೇಳಿ ಬಂದವನು ಅಕ್ಕನನ್ನೂ ಭಾವನನ್ನೂ ಶಿಕಾರಿಪುರಕ್ಕೆ ಕರೆದುಕೊಂಡು ಹೋದ. ಅಲ್ಲಿ ಕೀಲುರೋಗ ನೋಡುವ ಡಾಕ್ಟರು ಬಿಂದುಶ್ರೀ, ಇನ್ನೂ ಚಿಕ್ಕ ವಯಸ್ಸಿನವರು. ಗುತ್ಯಮ್ಮನ ಒಂದೊಂದೇ ಗೆಣ್ಣನ್ನು ಮೆತ್ತಗೆ ಒತ್ತಿ ನೋಡಿದರು.

"ಬೆಳಿಗ್ಗೆ ಎದ್ದ ಮೇಲೆ ಬೆರಳು ಸಡಿಲ ಆಗೋಕೆ ಎಷ್ಟು ಹೊತ್ತು ಬೇಕ್ರೀ?"

"ನಮ್ಮನೆಯವ್ರು ಕುರಿ ಹೊಡ್ಕಂಡು ಕೆರೆ ಆಚೆ ದಾಟೋವರೆಗೂ ಬೇಕು."

ಕೆರೆ ಎಷ್ಟು ದೂರವೆಂದು ಡಾಕ್ಟರು ಪುಟ್ಟಪ್ಪನನ್ನು ಕೇಳಿ ತಿಳಿದುಕೊಂಡರು. ರಕ್ತ ಪರೀಕ್ಷೆಗೆ ಬರೆದರು, ಕೈಯ ಎಕ್ಸ್‌ರೇ ತೆಗೆಸಿದರು. ವರದಿ ಬಂದ ಮೇಲೆ ಕೂರಿಸಿಕೊಂಡು ಹೇಳಿದರು. ಕೀಲುನೋವು ಎಂದರೆ ಒಂದೇ ಕಾಯಿಲೆಯಲ್ಲ. ವಯಸ್ಸಾದಂತೆ, ಭಾರ ಹೊತ್ತಂತೆ ಮಂಡಿ ಸವೆಯುವುದು ಒಂದು ಬಗೆ. ಗುತ್ಯಮ್ಮನದು ಬೇರೆ, ರುಮಟಾಯ್ಡ್ ಎಂದು ಅದರ ಹೆಸರು, ನಮ್ಮ ಕಡೆ ಆಮವಾತ ಎನ್ನುವುದೂ ಉಂಟು. "ರೋಗ ಬರದ ಹಾಗೆ ಮೈ ಕಾಯೋ ಶಕ್ತಿ ಒಳಗೇ ಇರುತ್ತಲ್ರೀ, ಅದೇ ತಪ್ಪು ತಿಳಿದು ಕೀಲಿನ ಮೇಲೆ ಬೀಳುತ್ತೆ. ಕುರಿ ಕಾಯೋಕೆ ಇಟ್ಟ ನಾಯಿ ಕುರೀನೇ ಕಚ್ಚಿದ ಹಾಗೆ."

"ನಮ್ಮ ಕರಿಯ ಹಂಗೆ ಮಾಡದಿಲ್ಲ," ಎಂದ ಪುಟ್ಟಪ್ಪ. ಆ ದಿನ ಅವನು ತಾನಾಗಿ ಆಡಿದ ಮೊದಲ ಮಾತು ಅದು.

"ಹಂಗಾರೆ ನಾಯೀನ ಕೊಂದು ಹಾಕಿ ಡಾಕ್ಟ್ರೆ," ಎಂದಳು ಗುತ್ಯಮ್ಮ.

"ಕೊಂದರೆ ತೋಳ ಬಂದಾಗ ಯಾರ್ರೀ ಗತಿ? ಕೊಲ್ಲಬಾರದು, ಕಟ್ಟಿ ಹಾಕಬೇಕು. ಈ ಮಾತ್ರೆ ಮಾಡೋದು ಅದೇ ಕೆಲಸ." ಡಾಕ್ಟರು ಒಂದು ಹಳದಿ ಮಾತ್ರೆ ತೋರಿಸಿದರು. "ಇದು ವಾರಕ್ಕೆ ಒಂದೇ ಸಲ. ದಿನಾ ತಗೊಂಡ್ರೆ ವಿಷ ಆಗುತ್ತೆ. ಬಾಯಲ್ಲಿ ಹುಣ್ಣಾದ್ರೆ, ಜ್ವರ ಬಂದ್ರೆ ಮಾತ್ರೆ ನಿಲ್ಲಿಸಿ ಅವತ್ತೇ ಬರಬೇಕು. ಆಗಾಗ ರಕ್ತ ಪರೀಕ್ಷೆ ತಪ್ಪಿಸೋ ಹಾಗಿಲ್ಲ."

ಉಜ್ಜಪ್ಪನ ಪುಡಿಯ ವಿಷಯ ಕೇಳಿ ಅವರ ಮುಖ ಬಿಗಿಯಿತು. ಅದರಲ್ಲಿ ಸ್ಟಿರಾಯ್ಡ್ ಇದ್ದಿರಬೇಕು, ಅದೂ ಔಷಧವೇ, ನಾವೂ ಅಳತೆ ನೋಡಿ ಕೆಲವು ದಿನ ಕೊಟ್ಟು ನಿಧಾನವಾಗಿ ಇಳಿಸುತ್ತೇವೆ, ಹೇಳದೆ ಕೇಳದೆ ತಿಂಗಳುಗಟ್ಟಲೆ ತಿನ್ನಿಸಿ ಒಮ್ಮೆಗೇ ನಿಲ್ಲಿಸಿದರೆ ಮನುಷ್ಯ ಏಳುವುದಿಲ್ಲ ಎಂದರು. ಗುತ್ಯಮ್ಮನಿಗೆ ಕೇಳಬೇಕಾಗಿದ್ದದ್ದು ಒಂದೇ.

"ಮಳೆಗಾಲಕ್ಕೆ ನಾಟಿ ಮಾಡಕ್ಕೆ ಆಗ್ತದಾ?"

"ಬೇರು ಸಮೇತ ಹೋಗೋ ಕಾಯಿಲೆ ಅಲ್ಲ. ಹಿಡಿತದಲ್ಲಿ ಇಡಬಹುದು. ಮಾತ್ರೆ ಹತ್ತೋಕೆ ಎರಡು ಮೂರು ತಿಂಗಳು ಬೇಕು. ಇದು ಸಾಲದೇ ಹೋದ್ರೆ ಬೇರೆ ಮಾತ್ರೆ ಇವೆ, ಇಂಜೆಕ್ಷನ್ ಇವೆ. ನೀವು ಬಿಡದೆ ನಡೆಸಿಕೊಂಡು ಹೋದ್ರೆ ಆಗಬಹುದು ಕಣ್ರೀ."

ಆಗಬಹುದು ಎಂಬ ಒಂದು ಮಾತನ್ನು ಸೆರಗಿಗೆ ಕಟ್ಟಿಕೊಂಡು ಗುತ್ಯಮ್ಮ ಊರಿಗೆ ಬಂದಳು.

ವಾರದ ಮಾತ್ರೆಗೆ ಅವಳು ಸೋಮವಾರ ಆರಿಸಿಕೊಂಡಳು. ಅವರ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಆದ್ದರಿಂದ ಮರೆಯುವ ಭಯವಿಲ್ಲ. ಎತ್ತಿಗೆ ರಜೆ, ನನಗೆ ಮಾತ್ರೆ ಎಂದು ತಾನೇ ನಗುತ್ತಿದ್ದಳು. ಬೆಳಗ್ಗೆ ಎದ್ದು ಬಿಸಿ ನೀರಿನಲ್ಲಿ ಕೈ ಅದ್ದಿ ಬೆರಳು ಬಿಡಿಸುವುದು, ಮಡಚುವುದು, ಒಂದೊಂದನ್ನೇ ಹೆಬ್ಬೆರಳಿಗೆ ಮುಟ್ಟಿಸುವುದು. ಹಿಡಿ ದಪ್ಪ ಇದ್ದರೆ ಗೆಣ್ಣಿಗೆ ಭಾರ ಕಡಿಮೆ ಎಂದು ಡಾಕ್ಟರು ಹೇಳಿದ್ದರಿಂದ ಹಳೆಯ ಕಂಬಳಿಯ ಚೂರನ್ನು ಕುಡುಗೋಲಿಗೂ ಸೌಟಿಗೂ ಸುತ್ತಿ ಹೊಲಿದಳು. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳೂ ಹೆಚ್ಚೇನಿಲ್ಲ, ಮೇಲಿಂದ ಮಾತ್ರೆಯ ಮರುದಿನ ಹೊಟ್ಟೆ ತೊಳಸುತ್ತಿತ್ತು. ಎಷ್ಟೋ ಸಲ ಉಜ್ಜಪ್ಪನ ನೆನಪಾಯಿತು. ಎರಡೇ ದಿನದಲ್ಲಿ ಕೈ ಕೊಟ್ಟಿದ್ದ ಮಹಾನುಭಾವ! ಆದರೆ ಲೋಕಮ್ಮನ ಗದ್ದೆ ಕಣ್ಣೆದುರು ಬರುತ್ತಿತ್ತು, ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದಳು.

ಯುಗಾದಿಯ ಆಸುಪಾಸಿನಲ್ಲಿ ಒಂದು ಬೆಳಗ್ಗೆ ಅವಳ ಬಲಗೈ ಮುಷ್ಟಿ ಕಟ್ಟಿತು. ಪೂರ್ತಿ ಅಲ್ಲ, ನಡುವೆ ನಿಂಬೆಹಣ್ಣು ಹಿಡಿಯುವಷ್ಟು ಜಾಗ ಉಳಿಯಿತು. ಆದರೂ ಮುಷ್ಟಿ ಮುಷ್ಟಿಯೇ. ಅವತ್ತು ಅವಳು ಮೂರು ರೊಟ್ಟಿ ತಟ್ಟಿ, ಒಂದನ್ನು ಬೇಕೆಂತಲೇ ಲೋಕಮ್ಮನ ಮನೆಗೆ ತೆಗೆದುಕೊಂಡು ಹೋದಳು.

ಎಡವಟ್ಟಾದದ್ದು ಅಲ್ಲೇ.

ಲೋಕಮ್ಮ ರೊಟ್ಟಿ ಮುರಿದು ತಿಂದಳು, ಗುತ್ಯಮ್ಮನ ಬೆರಳು ಹಿಡಿದು ನೋಡಿದಳು, ಆಮೇಲೆ ಮಂಡಿ ಸವರಿಕೊಳ್ಳುತ್ತ, "ಆ ಮಾತ್ರೆ ನಂಗೂ ಒಂದು ಚೂರು ಕೊಡೆ ಮಾರಾಯ್ತಿ. ನಿಂದೂ ಕೀಲು, ನಂದೂ ಕೀಲು," ಎಂದಳು.

ಡಾಕ್ಟರು ಹೇಳಿದ್ದು ಗುತ್ಯಮ್ಮನಿಗೆ ನೆನಪಿತ್ತು, ಮಂಡಿ ಸವೆಯುವುದು ಬೇರೆ, ನಿಮ್ಮದು ಬೇರೆ ಎಂದು. ಆದರೆ ತನ್ನ ಗದ್ದೆ ಕೊಯ್ದು ಕೊಟ್ಟವಳು ಕೇಳುತ್ತಿದ್ದಾಳೆ. ಮುಯ್ಯಿಯಲ್ಲಿ ಇಲ್ಲ ಎನ್ನುವ ಮಾತೇ ಇಲ್ಲ. ನಾಟಿ ಇನ್ನೂ ದೂರ, ಅಲ್ಲಿಯವರೆಗೆ ಇಷ್ಟಾದರೂ ತಿರುಗಿಸಿದ ಹಾಗಾಗುತ್ತದೆ ಎಂದುಕೊಂಡಳು. ಮನೆಗೆ ಹೋಗಿ ಒಂದು ಹಾಳೆ ಮಾತ್ರೆ ತಂದುಕೊಟ್ಟಳು. "ವಾರಕ್ಕೊಂದೇ ಕಣೆ, ಸೋಮಾರ," ಎಂದು ಹೇಳುವುದನ್ನು ಮರೆಯಲಿಲ್ಲ.

ಎರಡನೆಯ ಸೋಮವಾರ ಮುಟ್ಟುವ ಮೊದಲೇ ಲೋಕಮ್ಮ ಊಟ ಬಿಟ್ಟಿದ್ದಾಳೆ ಎಂಬ ಸುದ್ದಿ ಬಂತು. ಗುತ್ಯಮ್ಮ ಹೋಗಿ ನೋಡಿದರೆ ಮೈ ಕಾದ ಕಾವಲಿಯ ಹಾಗೆ ಸುಡುತ್ತಿತ್ತು, ಬಾಯಿ ತುಂಬ ಹುಣ್ಣು. ತಲೆದಿಂಬಿನ ಪಕ್ಕ ಮಾತ್ರೆಯ ಹಾಳೆ ಖಾಲಿಯಾಗಿ ಬಿದ್ದಿತ್ತು.

"ವಾರಕ್ಕೊಂದು ಅಂದಿದ್ನಲ್ಲೇ!"

ಲೋಕಮ್ಮ ತೊದಲಿದಳು. "ದಿನಾ ನೋಯೋ ಮಂಡಿಗೆ ವಾರಕ್ಕೊಂದು ಮಾತ್ರೆನಾ? ಬ್ಯಾಗ ಖರ್ಚಾಗ್ತದೆ ಅಂತ ಹಂಗಂದೆ ಅಂದ್ಕಂಡೆ."

ಬೇರೆ ಯಾರಾದರೂ ಆಗಿದ್ದರೆ ಆ ಖಾಲಿ ಹಾಳೆಯನ್ನು ಮೆಲ್ಲಗೆ ಸೆರಗಿನೊಳಗೆ ಅಡಗಿಸುತ್ತಿದ್ದರೇನೋ. ಗುತ್ಯಮ್ಮನಿಗೂ ಹಾಗೆ ಅನ್ನಿಸದೆ ಇರಲಿಲ್ಲ. ಅವಳು ಅದನ್ನು ಎತ್ತಿ ಲೋಕಮ್ಮನ ಮಗ ತೀರ್ಥೇಶನ ಕೈಗೇ ಕೊಟ್ಟಳು. "ಇದನ್ನ ನಾನೇ ಕೊಟ್ಟೆ. ಬೈಯದು ಆಮ್ಯಾಲೆ ಬೈಯಿ. ಮೊದ್ಲು ಗಾಡಿ ತೆಗಿ." ದಾರಿಯಲ್ಲೇ ಬಿಂದುಶ್ರೀ ಡಾಕ್ಟರಿಗೆ ಫೋನ್ ಮಾಡಿ, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು. ಅವರು ಶಿಕಾರಿಪುರದಲ್ಲಿ ನಿಲ್ಲಬೇಡಿ, ನೇರ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಹೋಗಿ, ನಾನು ಅಲ್ಲಿಗೆ ತಿಳಿಸುತ್ತೇನೆ ಎಂದರು. ಯಾವ ಮಾತ್ರೆ, ಎಷ್ಟು ಎಂದು ಗೊತ್ತಿದ್ದದ್ದರಿಂದ ಅದಕ್ಕೆ ಎದುರು ಇಂಜೆಕ್ಷನ್ ಹೋದ ಕೂಡಲೇ ಶುರುವಾಯಿತು. ಲೋಕಮ್ಮನ ಜೀವ ಬಾಯಿಯವರೆಗೆ ಬಂದು ಹಿಂದಕ್ಕೆ ಹೋಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ತೀರ್ಥೇಶ ಅವಳ ಮುಖ ನೋಡದೆ ಹೇಳಿದ. "ಅವ್ವ ಉಳಕಂಡ್ಲು, ಸಾಕು. ಇನ್ನು ನೀವು ನಮ್ಮ ಗದ್ದೆ ಕಡೆ ಬರದು ಬ್ಯಾಡ. ನಾಟಿಗೆ ನಾನು ಕೂಲಿ ಆಳು ತರ್ತೀನಿ."

ಅವನ ಸಿಟ್ಟು ನ್ಯಾಯವಾದದ್ದೇ ಎಂದು ಗುತ್ಯಮ್ಮನಿಗೆ ಗೊತ್ತಿತ್ತು. ಆದರೆ ಮನೆಗೆ ಬಂದು ದೊಡ್ಡಿಯ ಮೂಲೆಯಲ್ಲಿ ಕೂತು ಅತ್ತಳು. ಕೈ ಬಂದಿತ್ತು, ಗದ್ದೆಯೇ ಹೋಗಿತ್ತು. ಇದರ ಸಂಕಟದ ಮುಂದೆ ಬೆರಳಿನ ನೋವು ಏನೂ ಅಲ್ಲ ಎನ್ನಿಸಿತು.

ಅತ್ತು ಮುಗಿದ ಮೇಲೆ ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಗುತ್ಯಮ್ಮ ಸುಮ್ಮನೆ ಕೂರುವ ಪೈಕಿ ಅಲ್ಲ. ಲೋಕಮ್ಮ ಚೇತರಿಸಿಕೊಂಡು, ಮಂಡಿ ತೋರಿಸಲು ಶಿಕಾರಿಪುರಕ್ಕೆ ಹೊರಟ ದಿನ ಇವಳೂ ಕರೆಯದೆಯೇ ಬಸ್ಸು ಹತ್ತಿದಳು. ತೀರ್ಥೇಶ ಮುಖ ತಿರುಗಿಸಿದ. ಇವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಡಾಕ್ಟರ ಮಾತು ಕೇಳಿಸಿಕೊಂಡಳು. ಲೋಕಮ್ಮನದು ಸವೆತ. ಹಳದಿ ಮಾತ್ರೆ ಅದಕ್ಕೆ ಸಂಬಂಧವೇ ಇಲ್ಲದ್ದು. ಕುರ್ಚಿಯಲ್ಲಿ ಕೂತು ಕಾಲು ನೇರ ಎತ್ತಿ ಹಿಡಿದು ತೊಡೆಗೆ ಬಲ ತಂದುಕೊಳ್ಳಬೇಕು. ಮೈ ಭಾರ ಇಳಿಸಬೇಕು. ನೋವಿಗೆ ಹಚ್ಚುವ ಮುಲಾಮು ಇದೆ. ನುಂಗುವ ಮಾತ್ರೆಯನ್ನು ಕೇಳದೆ ದಿನಾ ತಿಂದರೆ ಕಿಡ್ನಿಗೆ ಪೆಟ್ಟು. ಕೋಲು ಹಿಡಿಯುವುದಾದರೆ ಹೆಚ್ಚು ನೋಯುವ ಕಾಲಿನ ಕಡೆಗಲ್ಲ, ಆಚೆ ಕೈಯಲ್ಲಿ. ಯಾವುದಕ್ಕೂ ಬಗ್ಗದಿದ್ದರೆ ಮಂಡಿ ಬದಲಿಸುವ ಆಪರೇಷನ್, ಅದು ಕೊನೆಯ ಮಾತು. ಎಲ್ಲಕ್ಕಿಂತ ಮೊದಲು ಕುಕ್ಕರಗಾಲಿನಲ್ಲಿ ಕೂರುವುದು ನಿಲ್ಲಬೇಕು.

"ಸಸಿ ಕೀಳದು ಹ್ಯಾಂಗೆ ಮತ್ತೆ?" ಎಂದಳು ಲೋಕಮ್ಮ. ನಾಟಿಗೆ ಮುಂಚೆ ಸಸಿಮಡಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಸಸಿ ಕಿತ್ತು ಕಟ್ಟು ಕಟ್ಟುವುದು ಅವಳ ಪಾಲಿನ ಕೆಲಸ.

"ಸ್ಟೂಲ್ ಮೇಲೆ ಕೂತು ಕೀಳ್ರೀ," ಎಂದರು ಡಾಕ್ಟರು.

"ಗದ್ದೇಲಿ ಕುರ್ಚಿ ಹಾಕ್ಕಂಡು ಕೂರಕ್ಕೆ ನಾನೆಂತ ಮದುಮಗಳಾ?"

ಗುತ್ಯಮ್ಮ ಅಲ್ಲಿಂದ ಬರುವಾಗ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು ಕೊಂಡು ತಂದಳು. ತನ್ನ ಮನೆಯ ಸಸಿಮಡಿಯಲ್ಲಿ ಇಟ್ಟು ಕೂತು ನೋಡಿದಳು. ನಾಲ್ಕೂ ಕಾಲು ಕೆಸರಿನಲ್ಲಿ ಹೂತು, ಗುತ್ಯಮ್ಮ ಹಿಂದಕ್ಕೆ ಉರುಳಿ ಬೆನ್ನಿಗೆಲ್ಲ ಕೆಸರು ಬಳಿದುಕೊಂಡಳು. ಕುರಿ ಹೊಡೆದುಕೊಂಡು ಬರುತ್ತಿದ್ದ ಪುಟ್ಟಪ್ಪ ನಿಂತು ನೋಡಿದ. ಮರುದಿನ ಸ್ಟೂಲಿನ ಅಡಿಗೆ ಅಗಲವಾದ ಹಲಗೆ ಕೂರಿಸಿ ಬಿಗಿದು, ಅದರ ಮೇಲೆ ತಾನೇ ಕೂತು ಪರೀಕ್ಷಿಸಿ ಅವಳ ಮುಂದಿಟ್ಟ. ಅದು ಮುಳುಗಲಿಲ್ಲ.

ಲೋಕಮ್ಮನ ಗದ್ದೆಯ ನಾಟಿಯ ದಿನ ಗುತ್ಯಮ್ಮ ಬೇಗ ಎದ್ದು ಕೈಯನ್ನು ಬಿಸಿ ನೀರಿನಲ್ಲಿಟ್ಟಳು. ಬೆರಳು ಸಡಿಲವಾದ ಮೇಲೆ, ಈ ಮಾತ್ರೆ ತಿನ್ನುವಾಗ ಗಾಯಕ್ಕೆ ಕೆಸರು ತಾಗಬಾರದೆಂದು ಡಾಕ್ಟರು ಹೇಳಿದ್ದರಿಂದ, ಗಾಯವೇನೂ ಇಲ್ಲವಷ್ಟೇ ಎಂದು ತಿರುಗಿಸಿ ನೋಡಿಕೊಂಡು, ಸ್ಟೂಲು ತಲೆಯ ಮೇಲೆ ಹೊತ್ತು ನಡೆದಳು. ಓಣಿಯಲ್ಲಿ ಕಂಡವರೆಲ್ಲ ನಕ್ಕರು. ಗದ್ದೆಯ ಹತ್ತಿರ ಹೋಗುತ್ತಿದ್ದಂತೆ ನಗು ನಿಂತಿತು. ಬದುವಿನ ಮೇಲೆ ತೀರ್ಥೇಶ ನಿಂತಿದ್ದ. ಕೂಲಿ ಆಳು ತರುತ್ತೇನೆ ಎಂದವನಿಗೆ ಆ ವಾರ ಯಾರೂ ಸಿಕ್ಕಿರಲಿಲ್ಲ, ಹಳೆಯ ಮುಯ್ಯಿಯ ಹೆಂಗಸರೇ ಬಂದಿದ್ದರು. ಲೋಕಮ್ಮ ಒಂದು ಕೈಯಲ್ಲಿ ಕೋಲು ಹಿಡಿದು ಸಸಿಮಡಿಯ ಅಂಚಿನಲ್ಲಿ ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದಳು. ಮಂಡಿ ಮಡಚುವಂತಿಲ್ಲ, ಮನೆಯಲ್ಲಿ ಕೂರಲು ಮನಸ್ಸಿಲ್ಲ.

ಗುತ್ಯಮ್ಮ ಯಾರನ್ನೂ ಕೇಳಲಿಲ್ಲ. ಸಸಿಮಡಿಗೆ ಇಳಿದು ಸ್ಟೂಲು ಇಟ್ಟು, ಅಲುಗಾಡಿಸಿ ನೋಡಿ, "ಕೂರು," ಎಂದಳು.

"ನಾ ಹೇಳಿದ್ದು ಮರ್ತು ಹೋತಾ?" ಎಂದ ತೀರ್ಥೇಶ.

"ಮರ್ತಿಲ್ಲ ತಮ್ಮಾ. ನೀನು ಬೈದಿದ್ದು ಸರಿ. ಆದ್ರೆ ನಾನು ಮುಯ್ಯಿಗೆ ಬಂದಿರದು ನಿಂಗಲ್ಲ, ನಿಮ್ಮವ್ವಂಗೆ. ಅವಳು ಹೋಗು ಅಂದ್ರೆ ಹೋಗ್ತೀನಿ."

ಎಲ್ಲರೂ ಲೋಕಮ್ಮನ ಕಡೆ ನೋಡಿದರು. ಹೋಗು ಎಂದರೆ ಹೋಗುವುದು ಹೇಗೆ ಎಂದು ಗುತ್ಯಮ್ಮ ಯೋಚಿಸಿಯೇ ಇರಲಿಲ್ಲ.

ಲೋಕಮ್ಮ ಸ್ಟೂಲನ್ನು ಕೋಲಿನಿಂದ ಒಮ್ಮೆ ತಿವಿದು ನೋಡಿದಳು. ಆಮೇಲೆ ನಿಧಾನವಾಗಿ ಇಳಿದು ಬಂದು ಅದರ ಮೇಲೆ ಕೂತಳು. ಹಲಗೆ ಸ್ವಲ್ಪ ತಗ್ಗಿ, ನಿಂತಿತು. "ಕೊಟ್ಟೋಳು ಅವಳು, ಮಾತು ಕೇಳದೆ ತಿಂದೋಳು ನಾನು," ಎಂದು ಮಗನಿಗೆ ಹೇಳಿದಳು. "ನೀ ಹೋಗಿ ನೀರು ಬಿಡು."

ಆ ದಿನ ಗುತ್ಯಮ್ಮ ಸಾಲಿನಲ್ಲಿ ಎರಡು ಹೆಜ್ಜೆ ಮೊದಲು ಸರಿಯಲಿಲ್ಲ. ಎಲ್ಲರಿಗಿಂತ ಕೊನೆಗೆ ಸರಿದಳು. ಮಣಿಕಟ್ಟು ಉರಿದಾಗ ನೆಟ್ಟಗೆ ನಿಂತು ಬೆರಳು ಬಿಡಿಸಿ ಮಡಚಿ, ಮತ್ತೆ ಬಗ್ಗುತ್ತಿದ್ದಳು. ಪಕ್ಕದವಳು ಅವಳ ಪಾಲಿನ ಸಸಿಗೆ ಕೈ ಹಾಕಿದಾಗ ಗದರಿದಳು. ಸಸಿಮಡಿಯಿಂದ ಲೋಕಮ್ಮ ಕಿತ್ತು ಕಟ್ಟಿ ಎಸೆದ ಕಟ್ಟುಗಳು ಒಂದರ ಹಿಂದೆ ಒಂದು ಬಂದು ಬೀಳುತ್ತಿದ್ದವು, ಬೇಗ ಬೇಗ ಎಂದು ಅಲ್ಲಿಂದಲೇ ಕೂಗು ಬೇರೆ. ಇಷ್ಟು ವರ್ಷ ತಾನು ಬೇರೆಯವರನ್ನು ಛೇಡಿಸಿದ ಮಾತುಗಳನ್ನೆಲ್ಲ ಗುತ್ಯಮ್ಮ ಅವತ್ತು ಬಡ್ಡಿ ಸಮೇತ ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಅವಳಿಗೆ ಬಹಳ ಸುಖವಾಯಿತು.

ಹೊತ್ತು ಇಳಿಯುವಾಗ ಗದ್ದೆ ಹಸುರಾಗಿತ್ತು. ಗುತ್ಯಮ್ಮ ಕಾಲುವೆಯಲ್ಲಿ ಕೈ ತೊಳೆದುಕೊಂಡು, ಊದಿದ ಬೆರಳನ್ನು ಸೆರಗಿನಲ್ಲಿ ಒರೆಸುತ್ತ, "ತೀರ್ತು ಕಣೆ ನಿನ್ನ ಮುಯ್ಯಿ," ಎಂದಳು.

"ತೀರ್ತು," ಎಂದಳು ಲೋಕಮ್ಮ. "ಸ್ಟೂಲಿಂದು ಇನ್ನೂ ಬಾಕಿ. ನಾಳಿದ್ದು ನಿನ್ನ ಗದ್ದೆ ನಾಟಿ ಅಲ್ದನಾ? ಸಸಿ ಕೀಳಕ್ಕೆ ನಾ ಬರ್ತೀನಿ."

"ನೀ ಬರದು ಬ್ಯಾಡ ಮಾರಾಯ್ತಿ. ಆಸ್ಪತ್ರೆಯಿಂದ ಎದ್ದು ಬಂದೋಳು, ಆ ಮಂಡಿ ಬೇರೆ. ನಿಂದು ಬಿಟ್ಟೆ ನಾನು..."

"ನನ್ನ ಮುಯ್ಯಿ ಬಿಡಕ್ಕೆ ನೀ ಯಾರೆ?"

ಗುತ್ಯಮ್ಮ ಸಸಿಮಡಿಗೆ ಇಳಿದು, ಕೆಸರು ಮೆತ್ತಿದ ಸ್ಟೂಲನ್ನು ಎರಡೂ ಕೈಯಲ್ಲಿ ಕಿತ್ತು ತೆಗೆದು ತೊಳೆದು, ನಾಳಿದ್ದಿಗೆ ಬೇಕಲ್ಲ ಎಂದು ತಲೆಯ ಮೇಲೆ ಹೊತ್ತು ತನ್ನ ಗದ್ದೆಯ ಕಡೆ ನಡೆದಳು.